ವಿಳಾಸ ಸರಿಯಾಗಿದೆಯೇ ನೋಡಿ

ಐವತ್ತೆರಡು ದಾಟಿದ ಹೆಂಗಸನ್ನು ಪಾಪು ಎಂದು ಕರೆಯುವ ಜೀವ ಈ ಲೋಕದಲ್ಲಿ ಒಂದೇ ಒಂದು ಉಳಿದಿತ್ತು. ಅದು ಅವಳ ಅಕ್ಕ. ಆ ಬೆಳಿಗ್ಗೆಯೂ ಚಪ್ಪಲಿ ಮೆಟ್ಟುತ್ತಿದ್ದವಳ ಬೆನ್ನ ಹಿಂದಿನಿಂದ ಅಕ್ಕ ಕೂಗಿದಳು.

"ಪಾಪು, ನಲ್ಲಿ ನೀರು ಮುಟ್ಟಬೇಡ. ಟ್ಯಾಂಕರಿಂದು ಬಿಂದಿಗೇಲಿದೆ, ಬಾಟ್ಲಿಗೆ ತುಂಬ್ಕೊ."

"ಮತ್ತೆ ಏನಾಯ್ತು?"

"ಹಳದಿ ತಿರುಗಿದೆ. ನೊರೆ ಒಂದು ಬೆರಳಷ್ಟು."

ಅಕ್ಕ ಗಾಜಿನ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ರತ್ನಪಡಿ ವ್ಯಾಪಾರಿಯ ಹಾಗೆ ನೋಡುತ್ತಿದ್ದಳು. ಆಮೇಲೆ ಮೂಸಿದಳು. ಆಮೇಲೆ ಬರೆದಳು. ಊರಿನ ನೀರು ಪರೀಕ್ಷೆಯ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತಳಾದವಳು ಅವಳು. ಅಷ್ಟು ವರ್ಷಗಳಲ್ಲಿ ಒಂದು ಬಾಟಲಿಯ ಚೀಟಿ ಇನ್ನೊಂದಕ್ಕೆ ಅಂಟಿಸಿದವಳಲ್ಲ. ಭಾವ ತೀರಿಕೊಂಡ ಮೇಲೆ ತಂಗಿಯ ಮನೆಗೆ ಬಂದು ನೆಲೆಸಿದಾಗ ಅವಳ ಪೆಟ್ಟಿಗೆಯಲ್ಲಿ ಸೀರೆಗಳಿಗಿಂತ ಹೆಚ್ಚು ನೋಟ್‌ಬುಕ್‌ಗಳಿದ್ದವು. ತಂಗಿ ಮದುವೆಯ ಗೋಜಿಗೆ ಹೋದವಳಲ್ಲ. ಹೀಗಾಗಿ ಮನೆಯಲ್ಲಿ ಇಬ್ಬರೇ, ಮತ್ತೆ ಆ ನೋಟ್‌ಬುಕ್‌ಗಳು.

ಮನೆಯಿಂದ ಮೂರು ಬೀದಿ ಆಚೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ. ಅದರ ಮೋರಿ ಎಲ್ಲಿ ಹರಿಯುತ್ತದೆ, ನೀರಿನ ಕೊಳವೆ ಎಲ್ಲಿ ಒಡೆದಿದೆ ಎಂಬುದನ್ನು ಯಾರೂ ಅಗೆದು ನೋಡಿರಲಿಲ್ಲ. ಎರಡು ವರ್ಷದ ಹಿಂದೆ ಅಕ್ಕ ಸುತ್ತಲಿನ ಹನ್ನೊಂದು ಮನೆಗಳ ಹೆಂಗಸರನ್ನು ಕೂಡಿಸಿಕೊಂಡು "ಇವತ್ತಿನ ನೀರು" ಅಂತ ಇಂಟರ್ನೆಟ್ಟಿನಲ್ಲಿ ಒಂದು ಪುಟ ಶುರುಮಾಡಿದಳು. ದಿನಾ ಪ್ರತಿ ಮನೆಯಿಂದ ಒಂದು ಸಾಲು. ಬೀದಿ, ಹೊತ್ತು, ಬಣ್ಣ, ವಾಸನೆ, ನೊರೆ, ಮಕ್ಕಳ ಮೈಮೇಲೆ ಗಂಧೆ ಎದ್ದಿದೆಯೋ ಇಲ್ಲವೋ. ಅಷ್ಟೇ. "‘ಅಂತೆ’ ಅಂತ ಯಾರೂ ಬರೀಕೂಡದು" ಎಂಬುದು ಅಕ್ಕನ ಕಟ್ಟಪ್ಪಣೆ. "ಕಂಡಿದ್ದು, ಮೂಸಿದ್ದು ಬರೀರಿ. ಬೈಯೋದಿದ್ರೆ ಬೀದೀಲಿ ನಿಂತು ಬೈಕೊಳ್ಳಿ."

ಆ ಪುಟವನ್ನು ಅಕ್ಕನಿಗೆ ಮಾಡಿಕೊಟ್ಟವಳು ತಂಗಿಯೇ. ತನ್ನ ಕಂಪನಿಯಲ್ಲೇ. "ನಿಮ್ಮದೇ ಕಂಪನಿ ಅಂದ್ಮೇಲೆ ಭಯ ಇಲ್ಲ ಬಿಡು" ಎಂದಿದ್ದಳು ಅಕ್ಕ.

ಅಕ್ಕನ ತಿಳುವಳಿಕೆಯಲ್ಲಿ ತಂಗಿ ಆ ಕಂಪನಿಯಲ್ಲಿ ಪತ್ರವ್ಯವಹಾರ ನೋಡಿಕೊಳ್ಳುತ್ತಾಳೆ. ಅದೇನೂ ಸುಳ್ಳಲ್ಲ. ಪತ್ರಗಳು ಬರುತ್ತಿದ್ದವು. ಬರುತ್ತಿದ್ದದ್ದು ಸರ್ಕಾರದ ನಿಯಂತ್ರಣ ಕಚೇರಿಯಿಂದ. ಇಂಥ ವಿಳಾಸದ ಇಂಥ ಪುಟವನ್ನು ಈ ದಿನ ಸಂಜೆ ನಾಲ್ಕರೊಳಗೆ ತೆಗೆಯತಕ್ಕದ್ದು ಎಂಬ ಪತ್ರಗಳು. ಯಾರು ಬೇಕಾದರೂ ತಮ್ಮ ಮಾತು ಬರೆದು ಹಾಕಬಹುದಾದ ಪುಟಗಳನ್ನು ನಡೆಸುವ ಕಂಪನಿ ಅದು. ನಾಲ್ಕು ಕೋಟಿ ಜನ ಅಲ್ಲಿ ಬರೆಯುತ್ತಿದ್ದರು, ಓದುತ್ತಿದ್ದರು. ಆರನೇ ಮಹಡಿಯ ಮೂಲೆಯಲ್ಲಿ, ಲಿಫ್ಟಿನ ಯಂತ್ರದ ಗುಂಯ್ ಸದ್ದು ಸದಾ ಕೇಳುವ ಕೋಣೆಯಲ್ಲಿ, ಆದೇಶ ಪಾಲನೆ ವಿಭಾಗ. ಯಾವ ಆದೇಶಕ್ಕೂ ಎರಡು ಗುರುತು ಬೀಳಬೇಕು. ಮೊದಲು ಓದುವವರನ್ನು ಒಂದನೇ ಕಣ್ಣು ಅನ್ನುತ್ತಿದ್ದರು, ಮತ್ತೆ ಓದುವವರನ್ನು ಎರಡನೇ ಕಣ್ಣು. ಹನ್ನೊಂದು ವರ್ಷದಿಂದ ಅವಳು ಎರಡನೇ ಕಣ್ಣು.

ಒಂದನೇ ಕಣ್ಣಿಗೆ ಎಲ್ಲರೂ ಇಟ್ಟ ಹೆಸರು ಗಡಿಬಿಡಿ. ಇಬ್ಬರು ಮಕ್ಕಳ ತಾಯಿ. ಬಂದ ಕ್ಷಣದಿಂದ ಹೋಗುವ ಆತುರ. ಆದೇಶದ ಸಂಖ್ಯೆ ಬಿಟ್ಟರೆ ಬೇರೇನೂ ಓದದೆ ಗುರುತು ಒತ್ತುವುದರಲ್ಲಿ ಎತ್ತಿದ ಕೈ.

"ಓದಿದ್ರೆ ತಲೆ ಕೆಡುತ್ತೆ ಮೇಡಂ. ನೀವು ಹೆಂಗೂ ಓದ್ತೀರಲ್ಲ" ಎನ್ನುತ್ತಿದ್ದಳು.

ಅವಳು ಓದುತ್ತಿದ್ದಳು, ನಿಜ. ಅದೇ ಅವಳ ಹೆಮ್ಮೆ. ಆದೇಶದಲ್ಲಿ ವಿಳಾಸದ ಕೊನೆಗೆ ಒಂದು ನಕ್ಷತ್ರದ ಗುರುತು ಇದ್ದರೆ ಅದರ ಅಡಿಯಲ್ಲಿರುವ ಅಷ್ಟೂ ಪುಟಗಳನ್ನು ಗುಡಿಸಿಹಾಕಬೇಕು ಎಂದರ್ಥ. ನಿಯಂತ್ರಣ ಕಚೇರಿಯವರು ಮೊದಮೊದಲು ಸಿಕ್ಕಸಿಕ್ಕಲ್ಲೆಲ್ಲ ನಕ್ಷತ್ರ ಹಾಕುತ್ತಿದ್ದರು. ಅವಳು ಕೂತು ಓದಿ, ತಕರಾರಿನ ಪುಟ ಇದೊಂದೇ, ಉಳಿದ ನಲವತ್ತು ಪುಟಗಳಲ್ಲಿ ಇರುವುದು ಮಗುವಿನ ಫೋಟೋ, ಕಸೂತಿಯ ಪಾಠ ಎಂದು ನಯವಾಗಿ ಬರೆದು ಕಳಿಸುತ್ತಿದ್ದಳು. ಅವರೂ ಒಪ್ಪುತ್ತಿದ್ದರು. "ಮೇಡಂ, ಇವತ್ತು ಎಷ್ಟು ನಕ್ಷತ್ರ ಉದುರಿಸಿದ್ರಿ?" ಎಂದು ವಿಭಾಗದಲ್ಲಿ ತಮಾಷೆ. ರಾತ್ರಿ ನಿದ್ದೆ ಬರದಿದ್ದರೆ ಅವಳು ಉದುರಿಸಿದ ನಕ್ಷತ್ರಗಳನ್ನು ಎಣಿಸಿಕೊಳ್ಳುತ್ತಿದ್ದಳು. ತಾನು ಆ ಕುರ್ಚಿಯಲ್ಲಿ ಇಲ್ಲದಿದ್ದರೆ ಇನ್ನೂ ಕೆಟ್ಟದಾಗುತ್ತಿತ್ತು. ಈ ಮಾತನ್ನು ಅವಳು ಎಷ್ಟು ಸಲ ತನಗೆ ಹೇಳಿಕೊಂಡಿದ್ದಳೆಂದರೆ, ಅದು ಹಳೇ ಒಳಂಗಿಯ ಹಾಗೆ ಸವೆದು ಮೈಗೆ ಹೊಂದಿಕೊಂಡುಬಿಟ್ಟಿತ್ತು.

ಆ ದಿನ ಹನ್ನೆರಡರ ಹೊತ್ತಿಗೆ ಇಪ್ಪತ್ತೇಳನೇ ಆದೇಶ ಅವಳ ಪರದೆಗೆ ಬಂತು. ಗಡಿಬಿಡಿಯ ಹಸಿರು ಗುರುತು ಆಗಲೇ ಬಿದ್ದಿತ್ತು.

ಪುಟದ ಹೆಸರು: ಇವತ್ತಿನ ನೀರು.

ಎದೆ ಧಸಕ್ಕೆಂದಿತು ಎಂದು ಬರೆದರೆ ಸುಳ್ಳಾದೀತು. ಅವಳಿಗೆ ಮೊದಲು ಆದದ್ದು ಆಯಾಸ. ಅಯ್ಯೋ, ಇನ್ನು ಇದೂ ಒಂದು, ಎಂಬಂಥ ಆಯಾಸ. ಸಂಜೆ ಮನೆಗೆ ಹೋದರೆ ಅಕ್ಕ ಕೇಳುವ ಪ್ರಶ್ನೆಗಳು, ಅದಕ್ಕೆ ಕೊಡಬೇಕಾದ ಉತ್ತರಗಳು, ಎಲ್ಲ ಸಾಲಾಗಿ ಬಂದು ಎದುರಿಗೆ ಕೂತವು. ಆಮೇಲೆಯೇ ಅವಳಿಗೆ ತನ್ನ ಬಗ್ಗೆ ನಾಚಿಕೆಯಾಯಿತು.

ಕನ್ನಡಕ ಒರೆಸಿಕೊಂಡು ಆದೇಶ ಓದಿದಳು. ನಕ್ಷತ್ರವಿದ್ದರೆ ಉದುರಿಸಬಹುದು, ಒಂದು ವಾರ ತಳ್ಳಬಹುದು. ನಕ್ಷತ್ರ ಇರಲಿಲ್ಲ. ವಿಳಾಸ ಅಕ್ಷರವೂ ಬಿಡದೆ ಕರಾರುವಾಕ್ಕಾಗಿತ್ತು. ಕಾರಣದ ಖಾನೆಯಲ್ಲಿ ಹೀಗಿತ್ತು: "ಸಾರ್ವಜನಿಕರಲ್ಲಿ ಆತಂಕ ಮೂಡಿಸಬಹುದಾದ, ಮೂಲ ಖಚಿತವಲ್ಲದ ಮಾಹಿತಿ."

ಆ ಸಾಲು ಯಾರದೆಂದು ಅವಳಿಗೆ ಗೊತ್ತಿತ್ತು. ಅವಳದೇ. ಆರು ವರ್ಷದ ಹಿಂದೆ, ಕಾರಣ ಕೊಡದೆ ಬರುತ್ತಿದ್ದ ಆದೇಶಗಳಿಂದ ರೋಸಿಹೋಗಿ, ಒಂದು ನಮೂನೆ ಮಾಡಿ ಕಳಿಸಿದ್ದಳು. ಹೀಗೆ ವಿಳಾಸ ಬರೆಯಿರಿ, ಕಾರಣ ಕೊಡಿ, ಉದಾಹರಣೆಗೆ ಹೀಗೆ, ಎಂದು. ಅವರು ಕಲಿತರು. ಒಳ್ಳೇ ಮೇಷ್ಟರಿಗೆ ಸಿಕ್ಕ ಒಳ್ಳೇ ಶಿಷ್ಯರ ಹಾಗೆ ಕಲಿತರು. ಮೊಂಡಾಗಿದ್ದ ಕತ್ತಿಯನ್ನು ಅವಳು ಆರು ವರ್ಷ ಕೂತು ಸಾಣೆ ಹಿಡಿದುಕೊಟ್ಟಿದ್ದಳು. ಈಗ ಅದರಲ್ಲಿ ತಪ್ಪು ಹುಡುಕಲು ಅವಳಿಗೇ ಆಗಲಿಲ್ಲ.

ಅವಳು ಎದ್ದು ಮುಖ್ಯಸ್ಥರ ಕೋಣೆಗೆ ಹೋದಳು. ವಿಭಾಗದ ಮುಖ್ಯಸ್ಥರು ಕೆಟ್ಟವರಲ್ಲ. ಕಿಟಕಿಯಲ್ಲಿ ನಾಲ್ಕು ಕುಂಡ ಇಟ್ಟುಕೊಂಡು, ಎಲೆಗಳ ಮೇಲಿನ ಧೂಳನ್ನು ಕರ್ಚೀಫಿನಿಂದ ತಾವೇ ಒರೆಸುವ ಮನುಷ್ಯ.

"ಸರ್, ಇಪ್ಪತ್ತೇಳು ನೋಡಿದ್ರಾ?"

"ನೀವು ನೋಡಿದ್ಮೇಲೆ ನಾನು ಯಾಕಮ್ಮ ನೋಡ್ಲಿ?"

"ನೀರಿನ ಬಣ್ಣ ಬರೆದಿದ್ದಾರೆ, ಅಷ್ಟೇ ಸರ್. ಬೈಗುಳ ಇಲ್ಲ, ಯಾರ ಹೆಸರೂ ಇಲ್ಲ. ಪ್ರಶ್ನೆ ಕೇಳಿ ವಾಪಸ್ ಕಳಿಸಬಹುದಾ?"

"ಏನು ಪ್ರಶ್ನೆ?"

ವಿಳಾಸ ಸರಿಯಿತ್ತು, ಕಾರಣವೂ ಇತ್ತು.

ಅವರು ಕರ್ಚೀಫು ಮಡಚಿದರು. "ನೋಡಿ, ನನಗೇನು ಖುಷಿನಾ? ಒಂದು ಪುಟಕ್ಕೆ ಜಗಳ ತೆಗೆದ್ರೆ ಅವರು ಇಡೀ ಕಂಪನಿಗೆ ಬಾಗಿಲು ಹಾಕಿಸ್ತಾರೆ. ನಾಲ್ಕು ಕೋಟಿ ಜನರ ಬಾಯಿ ಒಂದೇ ಸಲ ಬಂದ್. ಒಂದು ಬಿಟ್ಟುಕೊಟ್ಟು ಉಳಿದದ್ದು ಉಳಿಸ್ಕೊಳ್ಳೋದು. ಈ ಮಾತು ನಾನು ನಿಮಗೆ ಹೇಳ್ಬೇಕಾ? ಹೊಸಬರಿಗೆ ಪಾಠ ಮಾಡೋರೇ ನೀವು."

ಹೌದು, ಅವಳೇ ಮಾಡುತ್ತಿದ್ದಳು. ಇದೇ ಮಾತು, ಇದೇ ನಾಲ್ಕು ಕೋಟಿ.

"ಹಾಗಾದ್ರೆ ಸೂಚನೆ ಖಾನೆನಾದ್ರೂ ತುಂಬೋಣ ಸರ್. ಆದೇಶದ ಮೇಲೆ ತೆಗೆದಿದ್ದೀವಿ ಅಂತ ಓದೋರಿಗೆ ಗೊತ್ತಾಗ್ಲಿ."

"ಆ ಖಾನೆ ಯಾವತ್ತು ತುಂಬಿದ್ದೀವಿ?"

"ಅದನ್ನ ನಮೂನೇಲಿ ಹಾಕಿದ್ದು ನಾನೇ."

"ಖಾಲಿ ಬಿಟ್ಟಿದ್ದೂ ನೀವೇ ಅಲ್ವಾ?" ಎಂದರು ಅವರು. ಕುಹಕವಿರಲಿಲ್ಲ, ನೆನಪು ಮಾಡಿಕೊಟ್ಟರು, ಅಷ್ಟೇ. "ಅವರಿಗೆ ಹಿಡಿಸಲ್ಲಮ್ಮ. ಸದ್ದಿಲ್ಲದೆ ಆಗ್ಬೇಕು ಅವರಿಗೆ. ನಾಲ್ಕಕ್ಕೆ ಮುಂಚೆ ಮುಗಿಸಿಬಿಡಿ."

ಅದು ನನ್ನ ಅಕ್ಕನ ಪುಟ ಎಂಬ ಮಾತು ನಾಲಿಗೆಯ ತುದಿಯವರೆಗೂ ಬಂದು ಹಿಂದಕ್ಕೆ ಹೋಯಿತು. ಹೇಳಿದರೆ ನಿಯಮದ ಪ್ರಕಾರ ಅವಳು ಪಕ್ಕಕ್ಕೆ ಸರಿಯಬೇಕು. ಪಕ್ಕದ ಮೇಜಿನವನು ನಿಮಿಷದಲ್ಲಿ ಗುರುತು ಒತ್ತುತ್ತಾನೆ. ಪುಟ ಹೇಗೂ ಹೋಗುತ್ತದೆ, ಜೊತೆಗೆ ಅಕ್ಕನ ಹೆಸರು ಒಂದು ಕಡತದಲ್ಲಿ ಕೂರುತ್ತದೆ. ಹೀಗೆ ಯೋಚಿಸಿದಾಗ ಸುಮ್ಮನಿರುವುದೇ ಅಕ್ಕನಿಗೆ ಒಳ್ಳೆಯದು ಎನಿಸಿತು. ಸುಮ್ಮನಿರುವುದು ಯಾವಾಗಲೂ ಯಾರಿಗಾದರೂ ಒಳ್ಳೆಯದೇ ಆಗಿರುತ್ತಿತ್ತು.

ಮೂರೂ ಐವತ್ತಕ್ಕೆ ಅವಳು ಗುರುತು ಒತ್ತಿದಳು. ಇಪ್ಪತ್ತೇಳು ಮುಗಿದು ಇಪ್ಪತ್ತೆಂಟು ಬಂತು.

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಇಡೀ ದಾರಿ ಅವಳು ಅಕ್ಕನಿಗೆ ಹೇಳಬೇಕಾದ್ದನ್ನು ಜೋಡಿಸುತ್ತಾ ಬಂದಳು. ಕಂಪನಿಯಲ್ಲಿ ಏನೋ ತಾಂತ್ರಿಕ ತೊಂದರೆ. ಅಥವಾ, ಗೊತ್ತಿಲ್ಲಕ್ಕ, ವಿಚಾರಿಸ್ತೀನಿ. ವಿಚಾರಿಸ್ತೀನಿ ಎಂಬುದು ಒಳ್ಳೆಯ ಮಾತು. ಅದು ತಿಂಗಳುಗಟ್ಟಲೆ ಬಾಳುತ್ತದೆ.

ಬಾಗಿಲು ತೆರೆದೇ ಇತ್ತು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು, ಅದರ ಸುತ್ತ ಕ್ಯಾಲೆಂಡರಿನ ಹರಿದ ಹಾಳೆಗಳು. ಹಾಳೆಗಳ ಬೆನ್ನಿಗೆ ಅಕ್ಕ ಪುಟದ ವಿಳಾಸವನ್ನು ಒಂದೊಂದೇ ಅಕ್ಷರ ಬಿಡಿಬಿಡಿಯಾಗಿ ಬರೆದಿದ್ದಳು. ಒಂದು ಸಲವಲ್ಲ, ಹದಿನಾರೋ ಹದಿನೇಳೋ ಸಲ. ಪ್ರತಿಯೊಂದರ ಮುಂದೆ ಗಂಟೆ, ನಿಮಿಷ. ಎಲ್ಲದರ ಮುಂದೆ ಸಣ್ಣ ಇಂಟು ಗುರುತು.

"ಬಂದ್ಯಾ ಪಾಪು? ಬಾ, ಬಾ. ಕೈಕಾಲು ಆಮೇಲೆ ತೊಳ್ಕೊ." ಅಕ್ಕನ ಕೂದಲು ಕೆದರಿತ್ತು. "ನೋಡು, ಏನೋ ಮಾಡಿ ಹಾಕಿಬಿಟ್ಟಿದ್ದೀನಿ."

ಪರದೆಯ ಮೇಲೆ ಬಿಳಿ ಹಾಳೆಯಂಥ ಖಾಲಿ. ನಡುವೆ ಒಂದು ಸಾಲು.

"ನೀವು ಹುಡುಕಿದ ಪುಟ ಸಿಗಲಿಲ್ಲ. ವಿಳಾಸ ಸರಿಯಾಗಿದೆಯೇ ನೋಡಿ."

"ನೋಡಿದೆ ಕಣೇ. ಹದಿನೇಳು ಸಲ ನೋಡಿದೆ. ಸರಿಯಾಗೇ ಒತ್ತುತ್ತಾ ಇದ್ದೀನಿ ಅಂತ ನನಗನ್ಸುತ್ತೆ. ಆದ್ರೆ ಅಲ್ಲ ಅನ್ನುತ್ತಲ್ಲ ಇದು." ಅಕ್ಕ ಬೆರಳುಗಳನ್ನು ಬಿಡಿಸಿ ನೋಡಿಕೊಂಡಳು, ಅವು ಬೇರೆ ಯಾರವೋ ಎಂಬಂತೆ. "ಮಧ್ಯಾಹ್ನ ಮೂರನೇ ಬೀದಿಯವಳ ಸಾಲಿನಲ್ಲಿ ಒಂದು ‘ಅಂತೆ’ ಇತ್ತು. ಅದನ್ನ ಅಳಿಸೋಕೆ ಹೋದೆ. ಆಗಲೇ ಏನೋ ತಪ್ಪು ಗುಂಡಿ ಒತ್ತಿರಬೇಕು. ಎರಡು ವರ್ಷದ್ದು, ಹನ್ನೆರಡು ಮನೆದು, ಎಲ್ಲಾ ಹೊರಟುಹೋಯ್ತು."

"ಅಕ್ಕ..."

"ಎಲ್ಲರಿಗೂ ಫೋನ್ ಮಾಡಿ ಹೇಳಿಬಿಟ್ಟೆ. ನನ್ನಿಂದ ತಪ್ಪಾಯ್ತು, ವಯಸ್ಸಾಯ್ತು, ಕ್ಷಮಿಸ್ರಮ್ಮ ಅಂತ. ಯಾರೂ ಏನೂ ಅನ್ಲಿಲ್ಲ. ಅಂದಿದ್ರೇ ಚೆನ್ನಾಗಿತ್ತು." ನಕ್ಕಳು, ನಗು ಅರ್ಧಕ್ಕೇ ನಿಂತಿತು. "ಕೊನೇ ಹೊತ್ತಿಗೆ ಅಮ್ಮನೂ ಹೀಗೇ ಅಲ್ವಾ ಶುರುವಾಗಿದ್ದು? ಒಲೆ ಹಚ್ಚಿ ಮರೆಯೋದು, ಬಾಗಿಲು ಹಾಕಿದ್ನೋ ಇಲ್ವೋ ಅಂತ ಹತ್ತು ಸಲ ನೋಡೋದು. ನನಗೂ ಬಂತೇನೋ. ನಾಳೆ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀಯಾ?"

ತಂಗಿ ಕೈಚೀಲ ಹೆಗಲಲ್ಲೇ ಇಟ್ಟುಕೊಂಡು ನಿಂತಿದ್ದಳು. ಪರದೆಯ ಮೇಲಿನ ಸಾಲನ್ನೇ ನೋಡುತ್ತಿದ್ದಳು. ಹನ್ನೊಂದು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಹೊಸತರಲ್ಲಿ, ತೆಗೆದುಹಾಕಿದ ಪುಟದ ಜಾಗದಲ್ಲಿ ಏನು ತೋರಿಸಬೇಕು ಎಂಬ ಪ್ರಶ್ನೆ ಬಂದಿತ್ತು. ಮೂರು ಸಾಲು ಬರೆದುಕೊಡಿ ಎಂದಿದ್ದರು. ಇದು ಅವಳು ಬರೆದ ಮೂರನೆಯದು. ಎಲ್ಲಕ್ಕಿಂತ ಮರ್ಯಾದೆಯ ಸಾಲು ಎಂದು ಎಲ್ಲರೂ ಮೆಚ್ಚಿದ್ದರು. ಅಂದಿನಿಂದ ಎಷ್ಟು ಸಾವಿರ ಪುಟಗಳ ಗೋರಿಯ ಮೇಲೆ ಇದೇ ಸಾಲು ನಿಂತಿದೆಯೋ, ಎಷ್ಟು ಮಂದಿ ಕನ್ನಡಕ ಸರಿಮಾಡಿಕೊಂಡು ತಮ್ಮ ಬೆರಳನ್ನೇ ಶಂಕಿಸಿದ್ದಾರೋ. ಅವರ ಮುಖ ಅವಳು ಕಂಡಿರಲಿಲ್ಲ. ಈಗ ಒಂದು ಮುಖ ಎದುರಿಗಿತ್ತು.

ವಿಚಾರಿಸ್ತೀನಿ ಎನ್ನುವುದಕ್ಕೆ ಇನ್ನೂ ಸಮಯವಿತ್ತು.

"ಡಾಕ್ಟರು ಬೇಡ" ಎಂದಳು. "ನೀನು ಸರಿಯಾಗೇ ಒತ್ತಿದ್ದೀಯ ಅಕ್ಕ. ಹದಿನೇಳು ಸಲವೂ ಸರಿಯಾಗೇ ಒತ್ತಿದ್ದೀಯ. ಪುಟ ತೆಗೆಸಿದ್ದು ನಿಯಂತ್ರಣ ಕಚೇರಿ. ತೆಗೆದಿದ್ದು ನಾನು. ನನ್ನ ಕೆಲಸ ಅದೇ."

ಅಕ್ಕ ಅವಳ ಮುಖ ನೋಡಿದಳು. ಬೆಳಿಗ್ಗೆ ಲೋಟದ ನೀರನ್ನು ನೋಡಿದ ಹಾಗೇ ನೋಡಿದಳು.

"ನೀನು ಪತ್ರ ಬರೆಯೋಳಲ್ವಾ?"

"ಆ ಸಾಲೂ ನಾನೇ ಬರೆದಿದ್ದು. ಸಿಗಲಿಲ್ಲ ಅನ್ನೋದು."

ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಅಕ್ಕ ಎದ್ದು ಹೋಗಿ ಅದನ್ನು ಬಿಗಿಯಾಗಿ ತಿರುಗಿಸಿ ಬಂದು ಕೂತಳು.

"ಇದು ನನ್ನ ಪುಟ ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ಎಷ್ಟು ಹೊತ್ತಿಗೆ ಗೊತ್ತಾಯ್ತು?"

"ಹನ್ನೆರಡಕ್ಕೆ."

"ತೆಗೆದಿದ್ದು?"

"ಮೂರೂ ಐವತ್ತು."

"ಹೂಂ. ನಾಲ್ಕು ಗಂಟೆ ಹೊತ್ತಿತ್ತು." ಲ್ಯಾಬಿನ ದನಿ ಅದು. ತಂಗಿ ಅದನ್ನು ಎಂದೂ ತನ್ನ ಮೇಲೆ ಕೇಳಿಸಿಕೊಂಡಿರಲಿಲ್ಲ. "ತೆಗೆಯೋ ಮೊದಲು ಒಂದು ಪ್ರತಿ ಇಟ್ಕೊಂಡ್ಯಾ?"

ಪ್ರತಿ ತೆಗೆದಿಟ್ಟುಕೊಳ್ಳಲು ಎರಡು ನಿಮಿಷ ಸಾಕಿತ್ತು. ನಿಯಮ, ಕಡತ, ನಾಲ್ಕು ಕೋಟಿ ಎಲ್ಲ ಯೋಚಿಸಿದ್ದಳು. ಇದೊಂದು ತಲೆಗೇ ಬಂದಿರಲಿಲ್ಲ. ಒತ್ತಿದ ಮೇಲೆ ಪುಟ ಬೀಗದ ಒಳಗೆ ಹೋಗುತ್ತದೆ, ಎರಡನೇ ಕಣ್ಣಿಗೂ ಕಾಣುವುದಿಲ್ಲ.

"ಇಲ್ಲ."

"ನನ್ನ ಮನೆ ಸಾಲು ನನ್ನ ನೋಟ್‌ಬುಕ್ಕಲ್ಲಿದೆ. ಹನ್ನೊಂದು ಮನೆಯವರು ನೇರ ಪುಟದಲ್ಲೇ ಬರೀತಿದ್ರು. ಪುಸ್ತಕ ಯಾಕೆ ಅಂತ ನಾನೇ ಹೇಳಿದ್ದೆ, ನಮ್ಮ ಪಾಪು ಕಂಪನಿ ಅಂತ." ಅಕ್ಕ ಕ್ಯಾಲೆಂಡರಿನ ಹಾಳೆಗಳನ್ನು ಒಟ್ಟುಮಾಡಿ, ಅಂಚು ಸರಿಸಿ, ಅವುಗಳ ಮೇಲೆ ಲೋಟ ಇಟ್ಟಳು. ಆಮೇಲೆ ತನ್ನ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟುಕೊಂಡು ಅವನ್ನೇ ನೋಡುತ್ತಾ, "ಹಾಗಾದ್ರೆ ನನ್ನ ಕೈ ತಪ್ಪಿಲ್ಲ" ಎಂದಳು. ಯಾರಿಗೋ ಹೇಳಿದಂತಿರಲಿಲ್ಲ. "ಊಟ ಮಾಡು ಹೋಗು. ಆರಿಹೋಗುತ್ತೆ."

ತಂಗಿ ಅಡುಗೆಮನೆಯಲ್ಲಿ ನಿಂತುಕೊಂಡೇ ಎರಡು ತುತ್ತು ತಿಂದಳು. ಒಳಕೋಣೆಯಲ್ಲಿ ಅಕ್ಕ ಫೋನ್ ಮಾಡುತ್ತಿರಬಹುದು ಎಂದುಕೊಂಡಳು. ಸದ್ದಿರಲಿಲ್ಲ. ಹನ್ನೊಂದು ಮನೆಗೆ ತನ್ನ ತಪ್ಪಲ್ಲ ಎಂದು ಹೇಳಬೇಕಾದರೆ ತಪ್ಪು ಯಾರದೆಂದೂ ಹೇಳಬೇಕು. ಅಕ್ಕ ಹೇಳಲಿಲ್ಲ. ತಂಗಿಯನ್ನು ಕಾಪಾಡಲು ಅವಳು ಹನ್ನೊಂದು ಮನೆಗಳ ಕಣ್ಣಲ್ಲಿ ಅರಳುಮರುಳು ಮುದುಕಿಯಾಗಿಯೇ ಉಳಿದಳು. ತಂಗಿ ತಟ್ಟೆ ಮುಚ್ಚಿಟ್ಟಳು.

ಮರುದಿನ ಅವಳು ಎಲ್ಲರಿಗಿಂತ ಮೊದಲು ಆರನೇ ಮಹಡಿಗೆ ಬಂದಳು. ಮುಗಿದ ಆದೇಶಕ್ಕೆ ಒಂದು ದಿನದೊಳಗೆ ತಿದ್ದುಪಡಿ ಮಾಡಬಹುದು. ಪುಟ ಮರಳಿ ತರುವುದಕ್ಕೆ ಬರುವುದಿಲ್ಲ, ಖಾನೆಗಳನ್ನು ಮಾತ್ರ ತುಂಬಬಹುದು. ಇಪ್ಪತ್ತೇಳನ್ನು ತೆರೆದಳು. ಅವಳೇ ಹುಟ್ಟಿಸಿದ, ಆರು ವರ್ಷ ಬಾಯಿ ಬಿಡದ ಆ ಖಾನೆ: ಓದುಗರಿಗೆ ಸೂಚನೆ. ಬರೆದಳು, ಅಳಿಸಿದಳು, ಬರೆದಳು. ಕೊನೆಗೆ ಉಳಿದದ್ದು ಇಷ್ಟು:

"ಈ ಪುಟವನ್ನು ನಿಯಂತ್ರಣ ಕಚೇರಿಯ ಆದೇಶದ ಮೇಲೆ ನಾವು ತೆಗೆದಿದ್ದೇವೆ. ನಿಮ್ಮ ವಿಳಾಸ ಸರಿಯಾಗಿದೆ. ತಪ್ಪು ನಿಮ್ಮದಲ್ಲ."

ಅದೇ ಸಾಲನ್ನು ಹಿಂದಿನ ದಿನದ ಉಳಿದ ಮೂವತ್ತಾರು ಆದೇಶಗಳಿಗೂ ಹಾಕಿದಳು. ಕೆಳಗೆ ಜವಾಬ್ದಾರರು ಎಂಬಲ್ಲಿ ತನ್ನ ಪೂರ್ತಿ ಹೆಸರು ಬರೆದಳು.

ತಿದ್ದುಪಡಿಗೂ ಎರಡು ಕಣ್ಣು ಬೇಕು. ಒಂಬತ್ತೂಕಾಲಿಗೆ ಗಡಿಬಿಡಿ ಏದುಸಿರು ಬಿಡುತ್ತಾ ಬಂದು, ಚೀಲ ಕುರ್ಚಿಗೆ ಎಸೆದು, ಪರದೆ ಹಚ್ಚಿದಳು.

"ಏನ್ ಮೇಡಂ ಇದು, ಬೆಳಬೆಳಿಗ್ಗೆ ಮೂವತ್ತೇಳು ತಿದ್ದುಪಡಿ!"

"ಓದು."

ಅವಳು ಓದಿದಳು. ಆರು ವರ್ಷದಲ್ಲಿ ಮೊದಲ ಸಲ ಗಡಿಬಿಡಿ ನಿಧಾನವಾಗಿ ಓದುವುದನ್ನು ನೋಡಿದ ಹಾಗಾಯಿತು. ತುಟಿ ಅಲುಗುತ್ತಿತ್ತು. ಒಮ್ಮೆ ಮುಖ್ಯಸ್ಥರ ಕೋಣೆಯತ್ತ ನೋಡಿದಳು. ಅಲ್ಲಿ ಇನ್ನೂ ದೀಪ ಹತ್ತಿರಲಿಲ್ಲ.

"ಮನೇಲಿ ಎಲ್ಲಾ ಸರಿ ಇದೆ ತಾನೆ ಮೇಡಂ?"

"ಇಲ್ಲ."

ಗಡಿಬಿಡಿ ಕುರ್ಚಿ ಎಳೆದುಕೊಂಡು, "ನಾನು ಯಾವತ್ತು ಓದಿದ್ದೀನಿ? ಇವತ್ತೂ ಓದಿಲ್ಲ. ಯಾರು ಕೇಳಿದ್ರೂ ಇದೇ ಹೇಳ್ತೀನಿ, ಎಲ್ಲರೂ ನಂಬ್ತಾರೆ" ಎಂದಳು. ಪಟಪಟನೆ ಮೂವತ್ತೇಳು ಗುರುತು ಒತ್ತಿದಳು. ಕೊನೆಯದನ್ನು ಒತ್ತಿದವಳೇ ನೀರು ಕುಡಿಯುವ ನೆಪದಲ್ಲಿ ಎದ್ದು ಹೋದಳು.

ಹತ್ತೂವರೆಗೆ ಅಕ್ಕನ ಫೋನು.

"ಪುಟ ಬಂದಿಲ್ಲ" ಎಂದಳು ಅಕ್ಕ. "ಆದ್ರೆ ಸಾಲು ಬದಲಾಗಿದೆ."

"ಹೂಂ."

"ಎಷ್ಟು ಹೊತ್ತು ಇರುತ್ತೆ ಇದು?"

"ಮಧ್ಯಾಹ್ನದವರೆಗೆ ಇದ್ರೆ ಹೆಚ್ಚು."

"ಫೋಟೋ ತೆಗೆದೆ. ನೋಟ್‌ಬುಕ್ಕಲ್ಲೂ ಬರೆದಿಟ್ಟೆ. ಹತ್ತು ಗಂಟೆ ಇಪ್ಪತ್ತೆರಡು ನಿಮಿಷ, ಬಿಳಿ ಹಾಳೆ, ಕರಿ ಅಕ್ಷರ, ಮೂರು ಸಾಲು." ಆ ಕಡೆ ಹಾಳೆ ಮಗುಚಿದ ಸದ್ದು. "ಹನ್ನೊಂದು ಮನೆಯವರಿಗೂ ಈಗಲೇ ಪುಟ ತೆರೆದು ನೋಡಿ ಅಂತ ಹೇಳ್ತೀನಿ. ಅವರೇ ಓದ್ಲಿ. ನಾನು ಬಾಯಿ ಬಿಟ್ಟು ಹೇಳೋದೇನೂ ಬೇಕಿಲ್ಲ."

"ಸರಿ ಅಕ್ಕ."

"ನಿನ್ನ ಕೆಲಸ?"

"ನೋಡ್ಬೇಕು."

ಅಕ್ಕ ಅಯ್ಯೋ ಅನ್ನಲಿಲ್ಲ, ಪರವಾಗಿಲ್ಲ ಅಂತಲೂ ಅನ್ನಲಿಲ್ಲ. "ಸಂಜೆ ಬರ್ತಾ ಹನ್ನೊಂದು ನೋಟ್‌ಬುಕ್ ತಗೊಂಡು ಬಾ. ಗೆರೆ ಇರೋದು. ತೆಳ್ಳಗಿರೋದು ಬೇಡ" ಎಂದಳು. ಮತ್ತೆ ಸ್ವಲ್ಪ ತಡೆದು, "ನಿನ್ನ ಹತ್ರ ಮಾತಾಡೋದಿದೆ. ಇವತ್ತಲ್ಲ" ಎಂದು ಫೋನು ಇಟ್ಟಳು.

ಪಾಪು ಎನ್ನಲಿಲ್ಲ. ನಿನ್ನೆ ಸಂಜೆ ನಿಜ ಹೇಳಿದಾಗಿನಿಂದ ಒಂದು ಸಲವೂ ಅವಳನ್ನು ಹಾಗೆ ಕರೆದಿರಲಿಲ್ಲ.

ಮುಖ್ಯಸ್ಥರ ಕೋಣೆಯಲ್ಲಿ ದೀಪ ಹತ್ತಿತು. ಸ್ವಲ್ಪ ಹೊತ್ತಿಗೆ ಅವಳ ಮೇಜಿನ ಒಳಫೋನು ಬಡಿದುಕೊಂಡಿತು, ನಿಂತಿತು, ಮತ್ತೆ ಬಡಿದುಕೊಂಡಿತು. ಅವಳು ಒಂದು ಚೀಟಿಯ ಮೇಲೆ ‘ನೋಟ್‌ಬುಕ್ ಹನ್ನೊಂದು, ಗೆರೆಯದು, ದಪ್ಪ’ ಎಂದು ಬರೆದು, ಮಡಚಿ, ಕೈಚೀಲದ ಒಳಜೇಬಿಗೆ ಹಾಕಿಕೊಂಡಳು. ಆಮೇಲೆ ಕನ್ನಡಕ ಒರೆಸಿಕೊಂಡು ಎದ್ದಳು.